ಕಪ್ಪೆ ತೇಲುತ್ತಿದೆಯಾ? ಮೊದಲು ಟ್ಯಾಂಕ್ ಅಳೆಯಿರಿ: ಕೊಡಗಿನಲ್ಲಿ ನೀರುಗಪ್ಪೆ ಸಾಕುವವರಿಗೆ ದೋಷ ನಿವಾರಣೆ ಕೈಪಿಡಿ

ಮಡಿಕೇರಿ, ಜುಲೈ ತಿಂಗಳು. ಹೊರಗೆ ಮಳೆ ಬಿಟ್ಟಿಲ್ಲ, ಒಳಗೆ ಬಟ್ಟೆ ಒಣಗಿಲ್ಲ. ಮೈಸೂರಿನಿಂದ ತಂದು ವಾರ ಕಳೆಯದ ಎರಡು ಪುಟ್ಟ ಡ್ವಾರ್ಫ್ ಕಪ್ಪೆಗಳಲ್ಲಿ (ಸದಾ ನೀರಿನಲ್ಲೇ ಇರುವ ಅಕ್ವೇರಿಯಂ ಕಪ್ಪೆಗಳು) ಒಂದು ಕೈಕಾಲು ಚಾಚಿ ನೀರಿನ ಮೇಲೆ ತೇಲುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ತಂದ ಅಂಗಡಿಗೆ ಫೋನ್ ಮಾಡಿದೆ. "ಹಳದಿ ಔಷಧಿ ನಾಲ್ಕು ಹನಿ ಬಿಡಿ" ಎಂದರು. ಬಿಟ್ಟೆ. ಮರುದಿನ ಉಳಿದದ್ದು ಒಂದೇ ಕಪ್ಪೆ.

ಆಮೇಲೆ ಥರ್ಮಾಮೀಟರ್ ಇಳಿಸಿ ನೋಡಿದರೆ ನೀರು 18 ಡಿಗ್ರಿ. ಆ ಜಾತಿಗೆ ಬೇಕಾದದ್ದು 24ರಿಂದ 26. ಟ್ಯಾಂಕ್ ಎಂದು ನಾನು ಕರೆಯುತ್ತಿದ್ದದ್ದು ನಾಲ್ಕು ಲೀಟರಿನ ದುಂಡು ಗಾಜಿನ ಬಟ್ಟಲು. ಕಪ್ಪೆಗೆ ಕಾಯಿಲೆಯೇ ಇರಲಿಲ್ಲ. ಕಾಯಿಲೆ ಇದ್ದದ್ದು ಬಟ್ಟಲಿಗೆ.

ಅದಾದ ಮೇಲೆ ಮೂರು ಟ್ಯಾಂಕ್ ಬದಲಾಯಿಸಿದೆ. ಪ್ರತಿಯೊಂದೂ ಬೇರೆ ಬೇರೆ ಕಡೆ ಕೈಕೊಟ್ಟಿತು. ಕಪ್ಪೆ ಎಲ್ಲಿ ಕೂತಿದೆ, ಹೇಗೆ ಕೂತಿದೆ ಎಂದು ನೋಡಿದರೆ ಟ್ಯಾಂಕಿನ ತಪ್ಪು ಬಹುಪಾಲು ಗೊತ್ತಾಗುತ್ತದೆ. ಆ ಕ್ರಮದಲ್ಲೇ ಬರೆದಿದ್ದೇನೆ. ಹೊಸದಾಗಿ ಟ್ಯಾಂಕ್ ಕೊಳ್ಳುವವರೂ ಇದನ್ನೇ ಹಿಂದುಮುಂದಾಗಿ ಓದಿಕೊಳ್ಳಬಹುದು.

ಔಷಧಿ ಡಬ್ಬಿ ಮುಚ್ಚಿಡಿ, ಟೇಪು ತನ್ನಿ

ಮೀನಿಗೆಂದು ಮಾರುವ ಔಷಧಿಗಳಲ್ಲಿ ಕೆಲವಕ್ಕೆ ತಾಮ್ರ ಸೇರಿರುತ್ತದೆ. ಕಪ್ಪೆಯ ಚರ್ಮ ನೀರಿನಲ್ಲಿ ಏನಿದ್ದರೂ ಹೀರಿಕೊಳ್ಳುತ್ತದೆ. ಮೀನು ತಡೆದುಕೊಂಡದ್ದನ್ನು ಕಪ್ಪೆ ತಡೆಯುವುದಿಲ್ಲ. ಹಾಗಾಗಿ ಮೊದಲ ದಿನ ಏನೂ ಸುರಿಯಬೇಡಿ.

ಬೇಕಾದದ್ದು ಇಷ್ಟೇ: ಅಳತೆ ಟೇಪು, ಗಾಜಿನ ಥರ್ಮಾಮೀಟರ್, ಅಮೋನಿಯಾ, ನೈಟ್ರೈಟ್, ಪಿಎಚ್ (ನೀರು ಎಷ್ಟು ಹುಳಿ ಎಂಬ ಅಳತೆ) ನೋಡುವ ಹನಿ ಕಿಟ್. ಕೆಎಚ್ ಕಿಟ್ ಕೂಡ ಸಿಕ್ಕರೆ ತೆಗೆದುಕೊಳ್ಳಿ. ಕೊಡಗಿನ ನೀರಿಗೆ ಅದು ಏಕೆ ಬೇಕೆಂದು ಮುಂದೆ ಹೇಳುತ್ತೇನೆ.

ನಿಮ್ಮ ಹತ್ತಿರ ಇರುವುದು ಯಾವ ಕಪ್ಪೆ?

ಅಂಗಡಿಯಲ್ಲಿ ಎರಡು ಜಾತಿಗಳನ್ನು ಒಂದೇ ಹೆಸರಿನಲ್ಲಿ ಮಾರುತ್ತಾರೆ. ಒಂದು ಡ್ವಾರ್ಫ್ ಕಪ್ಪೆ, ಹೈಮೆನೋಕೈರಸ್. ಬೆಳೆದರೂ ಮೂರು ನಾಲ್ಕು ಸೆಂಟಿಮೀಟರ್. ಇನ್ನೊಂದು ಉಗುರುಗಪ್ಪೆ, ಕ್ಸೆನೋಪಸ್ ಲೇವಿಸ್. ಇದರ ಹೆಣ್ಣು 10 ಸೆಂಟಿಮೀಟರ್ ದಾಟುತ್ತದೆ. ಹದಿನೈದು ವರ್ಷ ಬದುಕುವುದೂ ಉಂಟು. ಎರಡೂ ಆಫ್ರಿಕಾದವು, ಎರಡಕ್ಕೂ ನಾಲಿಗೆ ಇಲ್ಲ. ಮರಿಯಾಗಿದ್ದಾಗ ಎರಡೂ ಒಂದೇ ಥರ ಕಾಣುತ್ತವೆ.

ಹೆಸರು ನಂಬಿ ಉಗುರು ಹುಡುಕಬೇಡಿ. ಹಿಂಗಾಲಿನಲ್ಲಿ ಕಪ್ಪು ಉಗುರು ಎರಡಕ್ಕೂ ಇದೆ. ಮುಂಗೈ ನೋಡಿ. ಬೆರಳುಗಳ ನಡುವೆ ಜಾಲಪೊರೆ ಇದ್ದರೆ ಡ್ವಾರ್ಫ್. ಬೆರಳುಗಳು ಬಿಡಿಬಿಡಿಯಾಗಿದ್ದರೆ ಉಗುರುಗಪ್ಪೆ. ಕಣ್ಣು ತಲೆಯ ಪಕ್ಕದಲ್ಲಿದ್ದರೆ ಡ್ವಾರ್ಫ್, ನೆತ್ತಿಯ ಮೇಲಿದ್ದರೆ ಉಗುರುಗಪ್ಪೆ. ಬಿಳಿ ಮೈ, ಕೆಂಪು ಕಣ್ಣಿನದು ಸಿಕ್ಕಿದರೆ ಉಗುರುಗಪ್ಪೆ ಎಂದೇ ಇಟ್ಟುಕೊಳ್ಳಿ.

ಇದು ಗೊತ್ತಿಲ್ಲದೆ ಮುಂದಿನ ಯಾವ ಲೆಕ್ಕವೂ ಕೂಡುವುದಿಲ್ಲ. ಡ್ವಾರ್ಫ್‌ಗೆ ಬೆಚ್ಚಗಿನ ನೀರು ಬೇಕು. ಉಗುರುಗಪ್ಪೆಗೆ 18ರಿಂದ 22 ಡಿಗ್ರಿ ಹಿತ. ಅಂದರೆ ಮಡಿಕೇರಿಯ ಮನೆಯೊಳಗೆ ವರ್ಷದ ಹೆಚ್ಚು ದಿನ ಹೀಟರ್ ಇಲ್ಲದೆಯೇ ಅದು ಆರಾಮ. ನಮ್ಮೂರ ಹವೆಗೆ ಹೇಳಿ ಮಾಡಿಸಿದ ಕಪ್ಪೆ ಅದು. ಅದರ ಜಾಗ ಮಾತ್ರ ದೊಡ್ಡದು. ಎರಡಕ್ಕೆ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲದ ಟ್ಯಾಂಕ್ ಇರಲಿ. ಒಂದು ಅಡಿ ನೀರು ತುಂಬಿದರೆ ಸುಮಾರು 120 ಲೀಟರ್ ಆಗುತ್ತದೆ. ಎರಡು ಜಾತಿಗಳನ್ನು ಒಟ್ಟಿಗೆ ಬಿಟ್ಟರೆ ಒಂದು ದಿನ ಡ್ವಾರ್ಫ್ ಕಾಣೆಯಾಗುತ್ತದೆ. ಎಲ್ಲಿ ಹೋಯಿತೆಂದು ಹುಡುಕಬೇಕಾಗಿಲ್ಲ.

ಇನ್ನೊಂದು ಮಾತು. ಮಳೆಗಾಲದಲ್ಲಿ ತೋಡಿನ ಬದಿಯ ಕಪ್ಪೆಗಳನ್ನು ಮಕ್ಕಳು ಹಿಡಿದು ಇದೇ ಟ್ಯಾಂಕಿಗೆ ಹಾಕುವುದುಂಟು. ಅವು ಸದಾ ನೀರೊಳಗೆ ಇರುವ ಜಾತಿಗಳಲ್ಲ. ಕೆರೆಯ ಮೇಲೆ ಬಾಗಿದ ಕೊಂಬೆಗೆ ನೊರೆಗೂಡು ಕಟ್ಟುವ ಹಾರುವ ಕಪ್ಪೆಯನ್ನು ತಂದು ಗಾಜಿನ ನೀರಲ್ಲಿ ಮುಳುಗಿಸಿದರೆ ಅದೇನು ಮಾಡೀತು? ಅವು ಅಲ್ಲೇ ಇರಲಿ.

ಮೇಲೆಯೇ ತೇಲುತ್ತದೆ, ಅಥವಾ ಮೇಲಕ್ಕೆ ಬಂದು ಬಂದು ಸುಸ್ತಾಗುತ್ತದೆ

ನೀರೇ ಮನೆಯಾದ ಕಪ್ಪೆ ನೀರಲ್ಲಿ ಮುಳುಗಿ ಸಾಯುತ್ತದೆಯೇ? ಸಾಯುತ್ತದೆ. ಕಿವಿರು ಇರುವುದು ಗೊದಮೊಟ್ಟೆಗೆ. ಬೆಳೆದ ಕಪ್ಪೆಗೆ ಶ್ವಾಸಕೋಶ. ಕೆಲವು ನಿಮಿಷಕ್ಕೊಮ್ಮೆ ಮೇಲೆ ಬಂದು ಗಾಳಿ ಎಳೆದುಕೊಳ್ಳಲೇಬೇಕು.

ಈಗ ಟೇಪು ಹಿಡಿಯಿರಿ. ತಳದಿಂದ ನೀರಿನ ಮೇಲ್ಮೈಗೆ ಎಷ್ಟು? ಡ್ವಾರ್ಫ್ ಕಪ್ಪೆಗೆ 30 ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ದೋಷ ಸಿಕ್ಕಿತು. ಮರಿಗಳಿಗೆ 15ರಿಂದ 20 ಸಾಕು. ಮೂರು ಸೆಂಟಿಮೀಟರಿನ ಪ್ರಾಣಿಗೆ ಒಂದೂವರೆ ಅಡಿ ನೀರು ಅಂದರೆ ತೆಂಗಿನ ಮರ ಹತ್ತಿ ಉಸಿರಾಡಿದ ಹಾಗೆ. ಗಟ್ಟಿ ಇದ್ದಾಗ ಹತ್ತುತ್ತದೆ. ಚಳಿಯಿಂದಲೋ ಹಸಿವೆಯಿಂದಲೋ ಸೋತಾಗ ಆಗುವುದಿಲ್ಲ. ಒಮ್ಮೆ ಮೇಲೆ ಬಂದರೆ ಇಳಿಯಲು ಒಪ್ಪದೆ ಅಲ್ಲೇ ತೇಲುತ್ತದೆ.

ನನ್ನ ಎರಡನೇ ಟ್ಯಾಂಕಿನ ತಪ್ಪು ಇದೇ. ಚೆಂದ ಕಾಣುತ್ತದೆಂದು ಎತ್ತರದ್ದನ್ನು ತಂದೆ. 30 ಸೆಂಟಿಮೀಟರ್ ಉದ್ದ, 30 ಅಗಲ, 45 ಎತ್ತರ. ಉದ್ದ, ಅಗಲ, ನೀರಿನ ಎತ್ತರ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್. ಹತ್ತಿರಹತ್ತಿರ 40. ಈಗ ಇರುವ ಟ್ಯಾಂಕ್ 60 ಉದ್ದ, 30 ಅಗಲ, ನೀರು 25. ಅದು 45 ಲೀಟರ್. ನೀರಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಅಲ್ವಾ? ಆದರೆ ಓಡಾಡುವ ನೆಲ ಎರಡು ಪಟ್ಟಾಯಿತು, ಉಸಿರಿಗೆ ಹತ್ತುವ ದೂರ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅಂಗಡಿಯಲ್ಲಿ ಲೀಟರ್ ಕೇಳಬೇಡಿ, ನೆಲ ಕೇಳಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಮೂರ್ನಾಲ್ಕು ಡ್ವಾರ್ಫ್ ಕಪ್ಪೆಗಳಿಗೆ ಅದು ಧಾರಾಳ. ದುಂಡು ಬಟ್ಟಲನ್ನು ಹೂವಿಗೆ ಇಟ್ಟುಕೊಳ್ಳಿ.

ಎತ್ತರದ ಟ್ಯಾಂಕ್ ಆಗಲೇ ಮನೆಯಲ್ಲಿದ್ದರೆ ಎಸೆಯಬೇಕಾಗಿಲ್ಲ. ನೀರನ್ನು 25ಕ್ಕೆ ಇಳಿಸಿ, ಅಗಲ ಎಲೆಯ ಗಿಡ ಅಥವಾ ಮರದ ತುಂಡನ್ನು ಮೇಲ್ಮೈ ಹತ್ತಿರ ಬರುವಂತೆ ಇಡಿ. ನಡುವೆ ಕೂತು ದಣಿವಾರಿಸಿಕೊಳ್ಳುತ್ತವೆ.

ಸುಮ್ನೆ ತೇಲುವುದೆಲ್ಲ ರೋಗವಲ್ಲ. ಕೈಕಾಲು ಚಾಚಿ ಅಲ್ಲಾಡದೆ ತೇಲುವುದು ಡ್ವಾರ್ಫ್ ಕಪ್ಪೆಯ ಆಟವೂ ಹೌದು. ಬೆರಳು ಗಾಜಿನ ಹತ್ತಿರ ತನ್ನಿ. ಸರ್ರನೆ ತಳಕ್ಕೆ ಇಳಿದರೆ ಆಟ. ಇಳಿಯಲು ನೋಡಿ ಮತ್ತೆ ಮೇಲೆ ಬಂದರೆ ದೋಷ.

ಮೂಲೆಯಲ್ಲಿ ಕಲ್ಲಾಗಿ ಕೂತಿದೆ, ತಿನ್ನುವುದಿಲ್ಲ

ಚಳಿ. ಕೊಡಗಿನಲ್ಲಿ ಮೊದಲ ಅನುಮಾನ ಯಾವಾಗಲೂ ಚಳಿಯ ಮೇಲೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ನವೆಂಬರ್-ಡಿಸೆಂಬರಿನ ಪುತ್ತರಿ ಹಬ್ಬ ಕಳೆದ ಮೇಲೆ ಬೆಳಗಿನ ಜಾವ ಹೊರಗೆ 11-12 ಡಿಗ್ರಿ ಸಾಮಾನ್ಯ. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ಹಗಲೂ ಬಿಸಿಲಿಲ್ಲ. ಥರ್ಮಾಮೀಟರನ್ನು ಮಧ್ಯಾಹ್ನ ನೋಡಿ ಸಮಾಧಾನ ಪಡಬೇಡಿ. ಬೆಳಿಗ್ಗೆ ಆರಕ್ಕೆ ನೋಡಿ.

ಹೀಟರ್ ಇದ್ದರೂ ತಣ್ಣಗಿದೆ ಎಂದರೆ ವಾಟ್ ಸಾಲುತ್ತಿಲ್ಲ. ಲೀಟರಿಗೆ 1 ವಾಟ್ ಎಂಬ ಮಾಮೂಲಿ ಲೆಕ್ಕ ಬಯಲುಸೀಮೆಗೆ ಸರಿ. ಅಲ್ಲಿ ನೀರನ್ನು ನಾಲ್ಕೈದು ಡಿಗ್ರಿ ಏರಿಸಿದರೆ ಮುಗಿಯಿತು. ನಮ್ಮಲ್ಲಿ ಹತ್ತು ಏರಿಸಬೇಕು. ನನ್ನ 45 ಲೀಟರಿಗೆ 50 ವಾಟಿನ ಹೀಟರ್ ರಾತ್ರಿಯಿಡೀ ಉರಿದರೂ 21 ದಾಟಲಿಲ್ಲ. 100 ವಾಟ್ ಬೇಕಾಯಿತು. ಆದರೆ ಒಂದೇ 100 ತರಲಿಲ್ಲ, ಎರಡು 50 ತಂದೆ. ಹೀಟರ್ ಕೆಡುವುದು ಎರಡು ರೀತಿ. ಒಂದು, ಉರಿಯುವುದೇ ಇಲ್ಲ. ಇನ್ನೊಂದು, ಆರುವುದೇ ಇಲ್ಲ. ಆರದೆ ಉಳಿದ 100 ವಾಟ್ ಕಪ್ಪೆಯನ್ನು ಬೇಯಿಸುತ್ತದೆ. ಎರಡರಲ್ಲಿ ಒಂದು ಹಾಗಾದರೆ ನೋಡಿ ತೆಗೆಯಲು ಸಮಯ ಸಿಗುತ್ತದೆ. ಕುಶಾಲನಗರದ ಕಡೆ ಒಂದೇ ಸಾಕಾದೀತು.

ಹೀಟರನ್ನು ತಳದ ಹತ್ತಿರ ಅಡ್ಡಲಾಗಿ ಕೂರಿಸಿ, ಸುತ್ತ ಪ್ಲಾಸ್ಟಿಕ್ ಬಲೆ ಹಾಕಿ. ಕಪ್ಪೆಗಳಿಗೆ ಅದರ ಹಿಂದೆ ನುಸುಳಿ ಕೂರುವ ಚಟ. ಹೊಟ್ಟೆಯ ಮೇಲೆ ಗೆರೆಯಂತೆ ಬಿಳಿಚಿದ ಗುರುತು ಕಂಡರೆ ಅದು ಸುಟ್ಟ ಗಾಯ. ನೀರು ಬದಲಿಸುವಾಗ ಸ್ವಿಚ್ ಆಫ್ ಮಾಡಿ. ಇಲ್ಲದಿದ್ದರೆ ಗಾಜು ಸಿಡಿಯುತ್ತದೆ.

ಕರೆಂಟ್ ಹೋದರೆ? 2018ರ ಆಗಸ್ಟಿನ ಪ್ರವಾಹ, ಭೂಕುಸಿತ ಕಂಡವರಿಗೆ ಕರೆಂಟ್ ಇಲ್ಲದ ದಿನಗಳ ಬಗ್ಗೆ ಹೇಳಬೇಕಾಗಿಲ್ಲ. ಟ್ಯಾಂಕಿಗೆ ಮೂರು ಕಡೆಯಿಂದ ಕಂಬಳಿ ಹೊದಿಸಿ. ಬಿಸಿನೀರನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಟ್ಯಾಂಕಿನಲ್ಲಿ ತೇಲಿಬಿಡಿ. ಎರಡು ಗಂಟೆಗೊಮ್ಮೆ ಬದಲಿಸಿ. ಬಾಟಲಿಯಲ್ಲೇ ಇರಲಿ, ಸುರಿಯಬೇಡಿ. ಸುರಿದ ಕಥೆ ಈಗ ಬರುತ್ತದೆ.

ಗಾಜಿಗೆ ಮುಖ ಒತ್ತಿ ಮೇಲೆ ಕೆಳಗೆ ಓಡುತ್ತಿದೆ

ಕಪ್ಪೆಗೆ ಆ ನೀರು ಬೇಡವಾಗಿದೆ, ಹೊರಗೆ ಹೋಗಲು ನೋಡುತ್ತಿದೆ. ತೊಡೆಯ ಒಳಗೆ ಕೆಂಪಾಗಿದ್ದರೆ ತಡಮಾಡಬೇಡಿ.

ಹೊಸ ಟ್ಯಾಂಕ್ ಆದರೆ ಅಮೋನಿಯಾ. ಕಪ್ಪೆಯ ಕಸವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ತಣ್ಣಗಿನ ನೀರಿನಲ್ಲಿ ಇನ್ನೂ ಜಾಸ್ತಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲವಾದರೆ ದಿನಾ ಕಾಲು ಭಾಗ ನೀರು ಬದಲಿಸಿ, ಊಟ ಕಡಿಮೆ ಮಾಡಿ. ಪರಿಚಯದವರ ಹಳೇ ಟ್ಯಾಂಕಿನ ಫಿಲ್ಟರ್ ಸ್ಪಂಜು ಸಿಕ್ಕಿದರೆ ಅರ್ಧ ದಾರಿ ಮುಗಿದ ಹಾಗೆ. ಆ ಟ್ಯಾಂಕಿನಲ್ಲಿ ರೋಗ ಇಲ್ಲ ಎಂದು ಕೇಳಿ ತನ್ನಿ.

ಹಳೇ ಟ್ಯಾಂಕ್ ಆದರೆ ಪಿಎಚ್. ಇದು ನಮ್ಮ ಬೆಟ್ಟದ ನೀರಿನ ವಿಶೇಷ, ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಬಾವಿಯದ್ದು ಮೆದು ನೀರು. ಮಾಡಿನಿಂದ ಹಿಡಿದ ಮಳೆನೀರಂತೂ ಇನ್ನೂ ಮೆದು. ಹುಳಿಯನ್ನು ತಡೆಯುವ ಖನಿಜ, ಅಂದರೆ ಕೆಎಚ್, ಇಲ್ಲವೆನ್ನುವಷ್ಟು ಕಡಿಮೆ. ಟ್ಯಾಂಕಿನಲ್ಲಿ ದಿನಾ ಸ್ವಲ್ಪ ಸ್ವಲ್ಪ ಹುಳಿ ಹುಟ್ಟುತ್ತದೆ. ತಡೆಯಲು ಏನೂ ಇಲ್ಲದೆ ಪಿಎಚ್ ಇಳಿಯುತ್ತದೆ. 6ರ ಕೆಳಗೆ ಇಳಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಕೆಲಸ ನಿಧಾನ ಮಾಡುತ್ತದೆ. ಕಸ ಕೂಡುತ್ತದೆ. ಆದರೂ ಕಪ್ಪೆ ಏನೂ ಆಗದಂತೆ ಇರುತ್ತದೆ. ಏಕೆಂದರೆ ಹುಳಿ ನೀರಿನಲ್ಲಿ ಅಮೋನಿಯಾ ಅಷ್ಟೇನೂ ವಿಷವಲ್ಲದ ಅಮೋನಿಯಂ ಆಗಿರುತ್ತದೆ. ಒಂದು ದಿನ ನಿಮಗೆ ಶುಚಿ ಮಾಡುವ ಹುರುಪು ಬರುತ್ತದೆ. ಅರ್ಧಕ್ಕರ್ಧ ನೀರು ತೆಗೆದು ಗಡಸು ಬೋರ್‌ವೆಲ್ ನೀರು ತುಂಬುತ್ತೀರಿ. ಪಿಎಚ್ ಏರುತ್ತದೆ, ಕೂಡಿಟ್ಟ ಅಮೋನಿಯಂ ಒಂದೇ ಏಟಿಗೆ ಅಮೋನಿಯಾ ಆಗುತ್ತದೆ. ಸಂಜೆಯೊಳಗೆ ಕಪ್ಪೆ ಗಾಜು ಹತ್ತುತ್ತಿರುತ್ತದೆ. "ನೀರು ಬದಲಿಸಿದ್ದಕ್ಕೇ ಸತ್ತಿತು" ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಕಥೆ ಇರುತ್ತದೆ.

ಪಿಎಚ್ 6.5ರಿಂದ 7.5ರ ನಡುವೆ ಇರಲಿ. ಅದಕ್ಕಿಂತ ಕೆಳಗಿದ್ದರೆ ಒಮ್ಮೆಲೇ ಏರಿಸಬೇಡಿ. ದಿನಕ್ಕೆ ಹತ್ತನೇ ಒಂದು ಭಾಗ ಮಾತ್ರ ಬದಲಿಸಿ, ವಾರ ಹತ್ತು ದಿನ. ಜೊತೆಗೆ ಒಂದು ಹಿಡಿ ಮರುವಾಯಿ (ಕರಾವಳಿಯಲ್ಲಿ ಸಾರು ಮಾಡುವ ಚಿಪ್ಪುಜೀವಿ) ಚಿಪ್ಪನ್ನು ಚೆನ್ನಾಗಿ ಕುದಿಸಿ, ಒಡೆದು, ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರಿನ ಪಕ್ಕ ಇಡಿ. ನೀರು ಹುಳಿಯಾದಷ್ಟೂ ಚಿಪ್ಪು ಕರಗಿ ಸರಿಮಾಡುತ್ತದೆ. ಮಂಗಳೂರಿನಲ್ಲಿ ನೆಂಟರಿದ್ದರೆ ಖರ್ಚೂ ಇಲ್ಲ, ಸಾರೂ ಆಯಿತು.

ಇವೆಲ್ಲ ಸರಿ ಇದ್ದೂ ಓಡಾಟ ನಿಲ್ಲದಿದ್ದರೆ ತಾಮ್ರವನ್ನು ನೆನಪಿಸಿಕೊಳ್ಳಿ. ಅದು ಕಾಫಿ ನಾಡಿನ ಟ್ಯಾಂಕಿಗೆ ಎರಡು ದಾರಿಯಲ್ಲಿ ಬರುತ್ತದೆ. ಮೊದಲನೆಯದು ಬೋರ್ಡೋ. ಮಳೆ ಹಿಡಿಯುವ ಮೊದಲು ಕಾಫಿ, ಮೆಣಸಿಗೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ತೋಟದ ನಡುವಿನ ಮನೆಯ ಮಾಡಿನ ಮೇಲೂ ಅದು ಕೂರುತ್ತದೆ. ಮೊದಲ ಮಳೆಗೆ ತೊಳೆದು ಡ್ರಮ್ಮಿಗೆ ಇಳಿಯುತ್ತದೆ. ಆ ನೀರು ಗಿಡಕ್ಕೆ ಹಾಕಿ, ಟ್ಯಾಂಕಿಗೆ ಬೇಡ. ಸ್ಪ್ರೇ ಮಾಡಿದ ಕೈಯನ್ನು ಎಷ್ಟು ತೊಳೆದರೂ ಅವತ್ತು ಟ್ಯಾಂಕಿಗೆ ಅದ್ದಬೇಡಿ.

ಎರಡನೆಯದು ನನ್ನದೇ ಪೆದ್ದುತನ. ಕರೆಂಟಿಲ್ಲದ ಒಂದು ರಾತ್ರಿ ಬಚ್ಚಲಿನ ತಾಮ್ರದ ಹಂಡೆಯಿಂದ ಎರಡು ಚೊಂಬು ಬಿಸಿನೀರು ತೆಗೆದು ಟ್ಯಾಂಕಿಗೆ ಬೆರೆಸಿದೆ. ಥರ್ಮಾಮೀಟರ್ 24 ತೋರಿಸಿತು, ಖುಷಿಯಲ್ಲಿ ಮಲಗಿದೆ. ಬೆಳಿಗ್ಗೆ ಕಪ್ಪೆಗಳು ಗಾಜು ಹತ್ತುತ್ತಿದ್ದವು, ಮಧ್ಯಾಹ್ನಕ್ಕೆ ಮಂಕಾದವು. ಅಮೋನಿಯಾ ಸೊನ್ನೆ, ಪಿಎಚ್ ಸರಿ. ಉಳಿದದ್ದು ಹಂಡೆ ಒಂದೇ. ಮೆದುವಾದ, ಸ್ವಲ್ಪ ಹುಳಿ ನೀರು ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಬಿಸಿ ಇದ್ದು ರಾತ್ರಿಯಿಡೀ ನಿಂತರೆ ಇನ್ನಷ್ಟು. ಬೆಚ್ಚಗಿನ ಬಾವಿ ನೀರು ತುಂಬಿದ ಪ್ಲಾಸ್ಟಿಕ್ ಬಕೆಟಿಗೆ ಕಪ್ಪೆಗಳನ್ನು ವರ್ಗಾಯಿಸಿ, ಟ್ಯಾಂಕಿನ ನೀರೆಲ್ಲ ಚೆಲ್ಲಿ, ಇದ್ದಿಲು ಹಾಕಿದ ಫಿಲ್ಟರ್ ಓಡಿಸಿದೆ. ಉಳಿದುಕೊಂಡವು.

ಪೇಟೆಯ ನಲ್ಲಿ ನೀರಾದರೆ ಕ್ಲೋರಿನ್ ನೋಡಿ. ಮಳೆಗಾಲದಲ್ಲಿ ಬಾವಿಗೂ ಬ್ಲೀಚಿಂಗ್ ಪೌಡರ್ ಹಾಕುವ ವಾಡಿಕೆ ಇದೆ. ಮನೆಯವರನ್ನು ಕೇಳಿಯೇ ನೀರು ಎತ್ತಿ. ಅಕ್ವೇರಿಯಂ ಅಂಗಡಿಯ ಕ್ಲೋರಿನ್ ನಿವಾರಕ ಕೆಲವೇ ಹನಿಯಲ್ಲಿ ಇದನ್ನು ಮುಗಿಸುತ್ತದೆ.

ಒಂದೇ ಕಡೆ ಅಡಗಿಕೊಂಡು ಹೊರಗೆ ಬರುವುದಿಲ್ಲ

ಫಿಲ್ಟರಿನ ಸೆಳೆತ ಜೋರಿರಬಹುದು. ಇವು ನಿಂತ ನೀರಿನ ಪ್ರಾಣಿಗಳು, ಹೊಳೆಯವಲ್ಲ. ಮೇಲಿಂದ ಜಲಪಾತದಂತೆ ಸುರಿಯುವ ಫಿಲ್ಟರ್ ಇದ್ದರೆ ತೆಗೆದು, ಗಾಳಿ ಪಂಪಿನಿಂದ ಓಡುವ ಸ್ಪಂಜ್ ಫಿಲ್ಟರ್ ಹಾಕಿ. ಹೀರುವ ಬಾಯಿಗೆ ಕಾಲು ಸಿಕ್ಕಿಕೊಳ್ಳುವ ಭಯವೂ ತಪ್ಪುತ್ತದೆ.

ಜೊತೆಗೆ ಮೀನು ಇದ್ದರೆ ಕಪ್ಪೆ ಹಸಿದಿರುತ್ತದೆ. ಡ್ವಾರ್ಫ್ ಕಪ್ಪೆಗೆ ಕಣ್ಣು ಮಂದ, ವಾಸನೆ ಹಿಡಿದು ನಿಧಾನವಾಗಿ ಬರುವಷ್ಟರಲ್ಲಿ ಮೀನು ಬಟ್ಟಲು ನೆಕ್ಕಿರುತ್ತದೆ. ತಳದಲ್ಲಿ ಒಂದು ಮಣ್ಣಿನ ತಟ್ಟೆ ಇಟ್ಟು, ಡ್ರಾಪರಿನಿಂದ ರಕ್ತಹುಳು ಅಲ್ಲಿಗೇ ಬಿಡಿ. ದಿನಾ ಒಂದೇ ಜಾಗ.

ಟ್ಯಾಂಕಿನಲ್ಲಿ ಇಲ್ಲವೇ ಇಲ್ಲ

ಮುಚ್ಚಳದಲ್ಲಿ ವೈರಿಗೆಂದು ಬಿಟ್ಟ ಸಂದಿ ನೋಡಿ. ಒಂದು ಬೆರಳು ತೂರಿದರೆ ಡ್ವಾರ್ಫ್ ಕಪ್ಪೆಯೂ ತೂರುತ್ತದೆ. ಮಳೆಯ ರಾತ್ರಿ ಹೊರಗೆ ಕಪ್ಪೆಗಳು ವಟಗುಟ್ಟುವಾಗ ಒಳಗಿನವೂ ಚುರುಕಾಗುತ್ತವೆ ಎಂದು ನನಗನಿಸಿದೆ. ಹೊರಬಿದ್ದರೆ ಬೇಗ ಒಣಗುತ್ತವೆ. ಸೋಫಾ ಕೆಳಗೆ, ಫ್ರಿಜ್ ಹಿಂದೆ ಹುಡುಕಿ. ಒಣಗಿದ ಹಾಗೆ ಕಂಡರೂ ಎಸೆಯದೆ, ಟ್ಯಾಂಕಿನದ್ದೇ ನೀರನ್ನು ತಟ್ಟೆಯಲ್ಲಿ ಕಾಲಿಂಚು ಹಾಕಿ ಮೂಗು ಮೇಲಿರುವಂತೆ ಇಡಿ. ಒಂದು ಸಲ ನಮ್ಮದು ಅರ್ಧ ಗಂಟೆಯ ಮೇಲೆ ಕಾಲು ಅಲ್ಲಾಡಿಸಿತು.

ಸಂದಿಗೆ ಸ್ಪಂಜು ತುರುಕಿ. ನೀರಿಗೂ ಮುಚ್ಚಳಕ್ಕೂ ನಡುವೆ ನಾಲ್ಕೈದು ಸೆಂಟಿಮೀಟರ್ ಗಾಳಿ ಇರಲಿ. ಮುಚ್ಚಳ ಇದ್ದರೆ ಆ ಗಾಳಿಯೂ ಬೆಚ್ಚಗಿರುತ್ತದೆ. ಜನವರಿಯ ಬೆಳಿಗ್ಗೆ 25 ಡಿಗ್ರಿ ನೀರಿನಿಂದ ಮೂಗೆತ್ತಿ ಕೋಣೆಯ ಚಳಿಗಾಳಿ ಎಳೆಯುವುದು ತಪ್ಪುತ್ತದೆ.

ಹೊಟ್ಟೆ ಉಬ್ಬಿದೆ

ತಳದಲ್ಲಿ ಏನು ಹಾಸಿದ್ದೀರಿ? ಬಟಾಣಿ ಗಾತ್ರದ ಬಣ್ಣದ ಕಲ್ಲಾದರೆ ನುಂಗಿರಬಹುದು. ಊಟದ ಜೊತೆ ಬಾಯಿಗೆ ಬಂದದ್ದೆಲ್ಲ ಒಳಗೆ ಹೋಗುತ್ತದೆ. ನಯವಾದ ಮರಳು ಇರಲಿ, ಅಥವಾ ಕಪ್ಪೆಯ ತಲೆಗಿಂತ ದೊಡ್ಡ ಕಲ್ಲು. ಬರೀ ಗಾಜಿನ ತಳವೂ ನಡೆಯುತ್ತದೆ. ಹೆಣ್ಣು ಮೊಟ್ಟೆ ತುಂಬಿಕೊಂಡಾಗಲೂ ದುಂಡಗಾಗುತ್ತದೆ, ಆದರೆ ಚುರುಕಾಗಿ ತಿನ್ನುತ್ತದೆ. ತೊಡೆ, ಗಂಟಲು ಸೇರಿ ಮೈಯೆಲ್ಲ ಬಲೂನಿನ ಹಾಗಾದರೆ ಅದು ನೀರು ತುಂಬುವ ಕಾಯಿಲೆ. ಟ್ಯಾಂಕ್ ಸರಿಮಾಡಿದರೆ ಸಾಲದು, ಪಶುವೈದ್ಯರಿಗೆ ತೋರಿಸಿ.

ಚರ್ಮ ಕಿತ್ತು ಬರುತ್ತಿದೆ

ತೆಳು ಪೊರೆಯಂತೆ ಒಟ್ಟಿಗೆ ಕಳಚಿ, ಕಪ್ಪೆ ಅದನ್ನೇ ನುಂಗಿದರೆ ಗಾಬರಿ ಬೇಡ, ಅದು ಮಾಮೂಲಿ. ತುಂಡುತುಂಡಾಗಿ ಜೋತುಬಿದ್ದು, ಕಪ್ಪೆ ಊಟ ಬಿಟ್ಟು ಮಂಕಾದರೆ ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಇರಬಹುದು. ಆ ಕಪ್ಪೆಯನ್ನು ಬೇರೆ ಇಡಿ, ಬಲೆ ಬಕೆಟ್ ಕೂಡ ಬೇರೆ, ವೈದ್ಯರನ್ನು ಕೇಳಿ.

ಇಲ್ಲಿ ಟ್ಯಾಂಕಿಗಿಂತ ದೊಡ್ಡ ವಿಷಯ ಒಂದಿದೆ. ಆ ನೀರು ಎಲ್ಲಿಗೆ ಹೋಗುತ್ತದೆ? ಉಗುರುಗಪ್ಪೆಯನ್ನು 1930ರ ದಶಕದಿಂದ ಗರ್ಭ ಪರೀಕ್ಷೆಗೆಂದು ಊರೂರಿಗೆ ಸಾಗಿಸಿದರು. ಪರೀಕ್ಷಿಸಬೇಕಾದ ಮಹಿಳೆಯ ಮೂತ್ರವನ್ನು ಕಪ್ಪೆಗೆ ಚುಚ್ಚುತ್ತಿದ್ದರು. ಕಪ್ಪೆ ಮೊಟ್ಟೆಯಿಟ್ಟರೆ ಆಕೆ ಗರ್ಭಿಣಿ. ಪ್ರಯೋಗಾಲಯದಿಂದ, ಮನೆಗಳಿಂದ ಹೊರಬಿದ್ದವು ಚಿಲಿ, ಫ್ರಾನ್ಸ್, ಕ್ಯಾಲಿಫೋರ್ನಿಯಾಗಳಲ್ಲಿ ಕಾಡು ಕಪ್ಪೆಗಳಾಗಿ ನೆಲೆಯೂರಿದವು. ತನಗೆ ಏನೂ ಆಗದೆ ಈ ಶಿಲೀಂಧ್ರವನ್ನು ಹೊರಬಲ್ಲ ಕಪ್ಪೆ ಅದು. ನಮ್ಮ ತೋಡುಗಳ ಕಪ್ಪೆಗಳಲ್ಲಿ ಹಲವು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದವು. ಟ್ಯಾಂಕಿನ ನೀರನ್ನು ತೋಡಿಗೆ, ಕೆರೆಗೆ, ಗದ್ದೆಗೆ ಬಿಡಬೇಡಿ. ಬಕೆಟಿನಲ್ಲಿ ಬ್ಲೀಚ್ ಬೆರೆಸಿ ಒಂದು ದಿನ ಇಟ್ಟು ಬಚ್ಚಲಿಗೆ ಚೆಲ್ಲಿ. ಸಾಕಲು ಆಗದ ಕಪ್ಪೆಯನ್ನು "ಪಾಪ, ಬದುಕಿಕೊಳ್ಳಲಿ" ಎಂದು ಹೊರಗೆ ಬಿಡುವುದಂತೂ ಬೇಡವೇ ಬೇಡ.

ರಾತ್ರಿ ಟ್ಯಾಂಕಿನಿಂದ ಗುಂಯ್ ಎಂಬ ಸದ್ದು

ಗಾಳಿ ಪಂಪಿನ ರಬ್ಬರು ಹೋಗಿರಬಹುದು, ಪಂಪ್ ಗಾಜಿಗೆ ತಾಗಿರಬಹುದು. ನಾನು ಎರಡು ಸಲ ಬಿಚ್ಚಿ ಜೋಡಿಸಿದೆ. ಅಡಿಗೆ ದಪ್ಪ ಬಟ್ಟೆ ಇಟ್ಟೆ. ಮೂರನೇ ರಾತ್ರಿ ಬೇಸತ್ತು ಪ್ಲಗ್ಗನ್ನೇ ಕಿತ್ತೆ. ಸದ್ದು ನಿಲ್ಲಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಗಂಡು ಕಪ್ಪೆ, ಮುಂಗಾಲಿನ ಹಿಂದೆ ಪುಟ್ಟ ಬಿಳಿ ಗಂಟಿರುವುದು, ತಳದಲ್ಲಿ ಕೂತು ಹಾಡುತ್ತಿತ್ತು. ಪ್ಲಗ್ ಮತ್ತೆ ಹಾಕಿದೆ.